ನಿಲ್ಲದ ನಾಲ್ಕು ಚಕ್ರಗಳು

ಸುಧಾಮಣಿ ಕಾರಿನಿಂದ ಒಂದು ಕಾಲನ್ನು ಹೊರಗಿಟ್ಟಿದ್ದಳಷ್ಟೆ. ಇಳಿಜಾರಿನ ಕೆಳಗಿನಿಂದ ಕೂಗು ಕೇಳಿಸಿತು.

ಗಂಡಸಿನ ಕೂಗು. ಅರ್ಧಕ್ಕೇ ಕತ್ತರಿಸಿಹೋದ ಕೂಗು.

ಕೈಯಲ್ಲಿದ್ದ ಕಾಫಿ ಫ್ಲಾಸ್ಕನ್ನು ಸೀಟಿನ ಮೇಲೆಸೆದು ಓಡಿದಳು. ಭಾನುವಾರದ ಬೆಳಗ್ಗೆ ಅಮೆರಿಕದ ಪಾರ್ಸಿಪನಿ ಊರಿನ ಆ ಆಫೀಸ್ ಪಾರ್ಕಿನಲ್ಲಿ ನರಪಿಳ್ಳೆಯೂ ಇರಬಾರದು. ಆದರೆ ಮೇಲಿನ ಪಾರ್ಕಿಂಗ್ ಬಯಲಿನಿಂದ ಕೆಳಗಿನದಕ್ಕೆ ಇಳಿಯುವ ಹಿಮ ಮುಚ್ಚಿದ ದಾರಿಯ ಎರಡೂ ಬದಿಗೆ ಜನ ನಿಂತಿದ್ದರು. ದಾರಿಯಿಲ್ಲದ ಕಡೆ ಜೀಪು ಓಡಿಸುವ ಕನ್ನಡಿಗರ ಆಫ್‌ರೋಡ್ ಬಳಗದವರು. ಒಬ್ಬರೂ ಅಲ್ಲಾಡುತ್ತಿರಲಿಲ್ಲ.

ದಾರಿಯ ತುದಿಯಲ್ಲಿ ಪಕ್ಕದ ಮನೆಯ ನವನೀತನ ಹಸಿರು ಜೀಪು ಓರೆಯಾಗಿ ನಿಂತಿತ್ತು. ಅದರ ಬಂಪರಿಗೂ ಕಲ್ಲಿನ ಕಟ್ಟೆಗೂ ನಡುವೆ ಬಳಗದ ಮುಕುಂದ್ ಬಿದ್ದಿದ್ದ. ಅವನ ಬಲಗಾಲು ಯಾವ ಮನುಷ್ಯನ ಕಾಲೂ ತಿರುಗಬಾರದ ದಿಕ್ಕಿಗೆ ತಿರುಗಿತ್ತು.

"ಯಾರಾದ್ರೂ ಆಂಬುಲೆನ್ಸಿಗೆ ಕಾಲ್ ಮಾಡಿದ್ರಾ?"

"ಮಾಡೀನಿ, ಬರ್ತಾ ಇದೆ," ಎಂದ ರಾಜಶೇಖರ. ಅವನ ಕೈಯಲ್ಲಿನ ಕ್ಯಾಮೆರಾ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸಬೇಕೆಂಬುದೂ ಅವನಿಗೆ ಹೊಳೆದಂತಿರಲಿಲ್ಲ.

ಸುಧಾಮಣಿ ಜೀಪಿನ ಬಾಗಿಲು ತೆರೆದಳು. ನವನೀತ್ ಸ್ಟಿಯರಿಂಗ್ ಹಿಡಿದೇ ಕುಳಿತಿದ್ದ.

"ಬ್ರೇಕ್ ಹಾಕ್ದೆ ಅಕ್ಕಾ," ಎಂದ. "ಹಾಕ್ದೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

ಅವನು ತನ್ನ ಬಲಗಾಲಿನ ಬೂಟನ್ನು ನೋಡಿದ. ಅದು ಬೇರೆ ಯಾರದೋ ಕಾಲೆಂಬಂತೆ ನೋಡಿದ.

* * *

ಸುಧಾಮಣಿಗೆ ಕುಳಿತು ಯೋಚಿಸುವುದು ಗೊತ್ತಿರಲಿಲ್ಲ. ವಿಮಾ ಕಂಪನಿಗಳಿಗಾಗಿ ಅಪಘಾತಗಳ ತನಿಖೆ ನಡೆಸುವುದು ಅವಳ ವೃತ್ತಿ. ಮೈಸೂರಿನಲ್ಲಿದ್ದಾಗ ಅವಳ ತಾಯಿ 'ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು' ಎನ್ನುತ್ತಿದ್ದರು. ಸೋಮವಾರ ಬೆಳಗ್ಗೆ ಪೊಲೀಸ್ ಠಾಣೆಯಲ್ಲಿ ಡಿಟೆಕ್ಟಿವ್ ಮರೀನೋ ಕುರ್ಚಿ ತೋರಿಸಿದಾಗಲೂ ಅವಳು ಕುಳಿತುಕೊಳ್ಳಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಮಾತನಾಡಿದಳು.

"ನವನೀತ್ ನನ್ನ ಪಕ್ಕದ ಅಪಾರ್ಟ್‌ಮೆಂಟಿನವನು. ಆರು ವರ್ಷದಿಂದ ಬಲ್ಲೆ. ಇದು ಅಪಘಾತ."

"ಇರಬಹುದು," ಎಂದ ಮರೀನೋ. ದಪ್ಪ ಮೀಸೆಯ, ಸಾವಧಾನದ ಮನುಷ್ಯ. "ಮೊದಲು ನನಗೆ ಅರ್ಥವಾಗಿದ್ದನ್ನು ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ."

ತಿದ್ದುವಂಥದ್ದೇನೂ ಇರಲಿಲ್ಲ. ಬಳಗದಲ್ಲಿ ಚಳಿಗಾಲದುದ್ದಕ್ಕೂ ಒಂದೇ ಜಗಳ: ಹಿಮದಲ್ಲಿ ಯಾವ ಕಂಪನಿಯ ಟೈರು ನೆಲವನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ? ಗ್ರಿಪ್ಸನ್ ಎಂದವನು ರಾಜಶೇಖರ. 'ಚಕ್ರವ್ಯೂಹ' ಎಂಬ ಅವನ ವಿಡಿಯೊ ವಾಹಿನಿಯನ್ನು ಅಮೆರಿಕದ ಕನ್ನಡಿಗರೆಲ್ಲ ನೋಡುತ್ತಿದ್ದರು. ಅವನ ಮಾತು ನಂಬಿ ಟೈರು ಕೊಳ್ಳುತ್ತಿದ್ದರು. ನಾರ್ವಿಂಡ್ ಎಂದವನು ಮುಕುಂದ್. 'ನಿನ್ನ ವಾಹಿನಿಯಲ್ಲಿ ಗಾಳಿ ಬಿಟ್ಟರೆ ಇನ್ನೇನಿಲ್ಲ' ಎಂದು ಎಲ್ಲರೆದುರು ಹಂಗಿಸಿದವನೂ ಅವನೇ. ಕೊನೆಗೆ ಬಹಿರಂಗ ಪರೀಕ್ಷೆ ಗೊತ್ತಾಯಿತು. ಒಂದೇ ಮಾದರಿಯ ಎರಡು ಜೀಪು. ರಾಜಶೇಖರನ ಜೀಪಿಗೆ ಗ್ರಿಪ್ಸನ್. ನವನೀತನ ಜೀಪಿಗೆ ಮುಕುಂದ್ ತಾನೇ ಕೊಂಡು ತಂದ ಹೊಸ ನಾರ್ವಿಂಡ್. ಅನ್ಯಾಯವಾಗಬಾರದೆಂದು ಎರಡಕ್ಕೂ ಒಬ್ಬನೇ ಚಾಲಕ, ನವನೀತ್. ಇಳಿಜಾರಿನ ನಡುವೆ ಕೆಂಪು ಬಾವುಟ. ಅಲ್ಲಿ ಬ್ರೇಕ್ ಒತ್ತಬೇಕು. ಬೇಗ ನಿಂತ ಟೈರು ಗೆದ್ದಂತೆ.

ಮರೀನೋ ಪರದೆಯನ್ನು ಅವಳತ್ತ ತಿರುಗಿಸಿದ. ರಾಜಶೇಖರ ಕೆಳಗಿನಿಂದ ತೆಗೆದ ವಿಡಿಯೊ.

ಮೊದಲ ಓಟ. ಕೆಳಗೆ ಕಟ್ಟೆಯ ಮುಂದೆ ಮುಕುಂದ್ ಕೈಕಟ್ಟಿ ನಿಂತಿದ್ದಾನೆ. ಗ್ರಿಪ್ಸನ್ ಹಾಕಿದ ಜೀಪು ಇಳಿಯಿತು, ಬಾವುಟ ದಾಟಿತು, ಸ್ವಲ್ಪ ಜಾರಿ ನಿಂತಿತು. ಚಪ್ಪಾಳೆ.

ಎರಡನೇ ಓಟ. ಮುಕುಂದ್ ಅದೇ ಜಾಗದಲ್ಲಿದ್ದಾನೆ. "ನನ್ನ ಟೈರು ಇಷ್ಟು ದೂರ ಬರಲ್ಲ ಬಿಡ್ರೋ!" ಎಂದು ನಗುತ್ತಾನೆ. ಹಸಿರು ಜೀಪು ಮೇಲಿನಿಂದ ಹೊರಟಿತು. "ಮುಕುಂದಾ, ಸೈಡಿಗೆ ಬಾರೋ!" ಎಂದು ಕ್ಯಾಮೆರಾದ ಹಿಂದಿನಿಂದ ರಾಜಶೇಖರನ ದನಿ. ಜೀಪು ಬಾವುಟ ದಾಟಿತು. ನಿಲ್ಲಲಿಲ್ಲ. ಚಕ್ರಗಳು ತಿರುಗುತ್ತಲೇ ಇದ್ದವು.

"ನೋಡಿದಿರಲ್ಲ?" ಎಂದ ಮರೀನೋ. "ಬ್ರೇಕ್ ಒತ್ತಿದ್ದರೆ ಚಕ್ರ ಯಾಕೆ ತಿರುಗಬೇಕು? ಏರ್‌ಬ್ಯಾಗ್ ತೆರೆದಿಲ್ಲ, ಹಾಗಾಗಿ ಗಾಡಿಯ ಕಂಪ್ಯೂಟರಿನಲ್ಲೂ ಏನೂ ದಾಖಲಾಗಿಲ್ಲ. ಬ್ರೇಕ್ ಪರೀಕ್ಷಿಸಿದೆವು, ಸರಿಯಾಗಿದೆ. ಟೈರಿನ ಬಟನ್‌ಗಳ ನಡುವಿನ ಗೀರು ಆಳವಾಗಿದೆ. ತೀವ್ರ ಚಳಿಗಾಲಕ್ಕೆಂದು ಹಾಕುವ ಬೆಟ್ಟದ ಗುರುತೂ ಇದೆ. ಅದೇ ದಾರಿ, ಅದೇ ಚಾಲಕ. ಒಮ್ಮೆ ನಿಲ್ಲಿಸಿದವನು ಮತ್ತೊಮ್ಮೆ ನಿಲ್ಲಿಸಲಿಲ್ಲ. ಇನ್ನೊಂದಿದೆ. ನಿಮ್ಮ ಸಂಕ್ರಾಂತಿ ಪಾರ್ಟಿಯಲ್ಲಿ ಇವನು ಮುಕುಂದನಿಗೆ ಏನೋ ಹೇಳಿದನಂತೆ?"

ಸುಧಾಮಣಿಯ ನಡಿಗೆ ನಿಂತಿತು. ಅವಳೂ ಕೇಳಿದ್ದಳು. ಸಭಾಂಗಣದಲ್ಲಿದ್ದವರೆಲ್ಲ ಕೇಳಿದ್ದರು. 'ನೀನು ಡ್ರೈವಿಂಗ್ ಕಲಿತಿದ್ದು ವಿಡಿಯೊ ನೋಡ್ಕೊಂಡಾ?' ಎಂದು ಮುಕುಂದ್ ಕೆಣಕಿದ್ದ. ಎಳ್ಳುಬೆಲ್ಲದ ಪೊಟ್ಟಣ ಹಿಡಿದೇ ನವನೀತ್ ಕಿರುಚಿದ್ದ: 'ಒಂದಿನ ನಿನ್ ಮೇಲೇ ಹತ್ತಿಸ್ತೀನಿ, ನೋಡ್ತಿರು!'

"ಅದು ಬರೀ ಬಾಯಿಮಾತು."

"ನ್ಯಾಯಾಧೀಶರಿಗೆ ಹಾಗೆ ಹೇಳಿ. ಈ ವಾರದಲ್ಲೇ ಆರೋಪ ದಾಖಲಾಗುತ್ತದೆ."

ಆರೋಪ ದಾಖಲಾದರೆ ನವನೀತನ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ. ಅದಾದ ಮೇಲೆ ಜೈಲೋ ಗಡೀಪಾರೋ. ಅವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಜೀಪನ್ನು ಒಮ್ಮೆ ನೋಡಬೇಕು," ಎಂದಳು.

* * *

ಪೊಲೀಸರ ಯಾರ್ಡಿನಲ್ಲಿ ಗಾಳಿ ಚೂರಿಯಂತೆ ಬೀಸುತ್ತಿತ್ತು. ಸುಧಾಮಣಿ ಜೀಪನ್ನು ಎರಡು ಸುತ್ತು ಹಾಕಿದಳು. ಬಗ್ಗಿ ಗ್ಲೌಸ್ ಕಳಚಿ ಹೆಬ್ಬೆರಳಿನ ಉಗುರನ್ನು ಟೈರಿನ ಬಟನ್‌ಗೆ ಒತ್ತಿದಳು. ಉಗುರು ಇಳಿಯಲಿಲ್ಲ. ಇನ್ನೊಂದು ಚಕ್ರ. ಅಲ್ಲೂ ಇಳಿಯಲಿಲ್ಲ.

"ಏನದು?" ಎಂದ ಮರೀನೋ.

"ಚಳಿಗಾಲದ ಟೈರಿನ ಜೀವ ಇರುವುದು ಅದರ ಮೆದು ರಬ್ಬರಿನಲ್ಲಿ. ಎಂಥ ಕೊರೆಯುವ ಚಳಿಯಲ್ಲೂ ಬೆರಳಿಗೆ ಮಣಿಯಬೇಕು. ಇದು ಬಾಗಿಲ ಹೊಸ್ತಿಲಿನ ಹಾಗಿದೆ."

ಅವಳು ಹಿಮದ ಮೇಲೆ ಅಂಗಾತ ಮಲಗಿ ಜೀಪಿನಡಿಗೆ ತೂರಿದಳು. ಟೈರು ತಯಾರಾದ ಕಾಲವನ್ನು ಸೂಚಿಸುವ ಅಂಕಿಗಳು ಹಲವು ಟೈರುಗಳಲ್ಲಿ ಒಂದೇ ಪಕ್ಕಕ್ಕಿರುತ್ತವೆ. ಇಲ್ಲಿ ಆ ಪಕ್ಕ ಒಳಮುಖವಾಗಿತ್ತು. ನಿಂತು ನೋಡಿದವರ ಕಣ್ಣಿಗೆ ಬೀಳುವಂತಿರಲಿಲ್ಲ. ಫೋನಿನ ಬೆಳಕು ಬಿಟ್ಟಳು. ಓದಿದಳು. ನಾಲ್ಕನ್ನೂ ಓದಿದಳು.

"ಏಳು ವರ್ಷಕ್ಕೂ ಹಳೆಯವು," ಎಂದು ಒಳಗಿನಿಂದಲೇ ಕೂಗಿದಳು. "ಓಡಿದ್ದು ಕಡಿಮೆ, ಅದಕ್ಕೇ ಬಟನ್ ಸವೆದಿಲ್ಲ. ಯಾವುದೋ ಶೆಡ್ಡಿನಲ್ಲಿ ಬೇಸಿಗೆಗೊಂದು ಸಲ ಬೆಂದು ಬೆಂದು ಕಲ್ಲಾಗಿವೆ. ಹೆಸರು ನಾರ್ವಿಂಡ್, ಗುರುತು ಬೆಟ್ಟದ್ದು. ಹಿಡಿತ ಮಾತ್ರ ಸೊನ್ನೆ."

ಮರೀನೋ ಮೀಸೆ ಸವರಿದ. "ಗಾಡಿ ಅವನದು. ಕಲ್ಲಾದ ಟೈರು ಹಾಕಿದವನೂ ಅವನೇ ಆಗಿರಬಹುದಲ್ಲ? ಕೊಲ್ಲುವ ಉದ್ದೇಶಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?"

ಸುಧಾಮಣಿ ಜೀಪಿನಡಿಯಲ್ಲೇ ಕಣ್ಣು ಮುಚ್ಚಿದಳು. ನವನೀತನನ್ನು ಎತ್ತಲು ಹೋಗಿ ಅವನನ್ನು ಇನ್ನಷ್ಟು ಆಳಕ್ಕೆ ತಳ್ಳಿದ್ದಳು.

* * *

ಟೈರು ಮಾರಿದವನು ಪಿಸ್ಕಾಟವೇ ಊರಿನ ಅಂಗಡಿಯ ಕುಶಾಲ್. ಅಂಗಡಿಯ ತುಂಬ ರಬ್ಬರಿನ ವಾಸನೆ, ಜೊತೆಗೆ ಯಾರೋ ತಂದ ಬಿಸಿ ಸಮೋಸದ ವಾಸನೆ.

"ಹಳೇ ಸ್ಟಾಕ್ ತಲೆಗೆ ಕಟ್ಟಿದ್ಯಾ ಕುಶಾಲ್?"

"ಏನಕ್ಕಾ, ಬಂದ ತಕ್ಷಣ ಹೀಗ್ ಅಂತೀರಾ?" ಅವನ ಮುಖ ಕೆಂಪಾಯಿತು. "ಮುಕುಂದ್‌ಗೆ ಹಳೇದು ಮಾರೋಕಾಗುತ್ತಾ? ಅವ್ನು ಹಾಗಲಕಾಯಿ ಆರಿಸೋ ಹಾಗೆ ಒಂದೊಂದನ್ನೂ ತಿರುಗಿಸಿ ನೋಡ್ದ. ನೆಲದ ಮೇಲೆ ಮಂಡಿಯೂರಿ ಡೇಟ್ ಓದ್ದ. ರಿಮ್‌ಗೆ ಕೂರಿಸಿ ಕೊಟ್ಟೆ. ಶುಕ್ರವಾರ ತಾನೇ ಒಯ್ದ."

"ಎಲ್ಲಿಗೆ?"

"ಇನ್ನೆಲ್ಲಿಗೆ? ರಾಜಶೇಖರನ ಗ್ಯಾರೇಜಿಗೆ. ಜ್ಯಾಕು, ಸ್ಪ್ಯಾನರು ಎಲ್ಲಾ ಇರೋದು ಅಲ್ಲೇ ಅಲ್ವಾ? ನವನೀತ್ ಗಾಡೀನೂ ಅಲ್ಲೇ ಬಿಟ್ಟಿದ್ದ. ಮುಕುಂದ್‌ನೇ ಕೇಳಿ ಬೇಕಾದ್ರೆ."

ಮುಕುಂದನನ್ನು ಕೇಳುವಂತಿರಲಿಲ್ಲ. ಕಾಲಿಗೂ ಸೊಂಟದ ಮೂಳೆಗೂ ಶಸ್ತ್ರಚಿಕಿತ್ಸೆಯಾಗಿ ಔಷಧದ ಮಂಪರಿನಲ್ಲಿದ್ದ. ಕುಶಾಲ್ ಹೇಳಿದ್ದು ನಿಜವೋ, ಜಾಣ ವ್ಯಾಪಾರಿಯ ಸುಳ್ಳೋ? ಹೆದ್ದಾರಿಯುದ್ದಕ್ಕೂ ಅದೇ ಪ್ರಶ್ನೆ ಅವಳನ್ನು ಕೊರೆಯಿತು. ಶುಕ್ರವಾರ ರಾಜಶೇಖರನ ಗ್ಯಾರೇಜಿಗೆ ಬಂದ ಟೈರು ಹೊಸದಾಗಿತ್ತೇ? ರಾಜಶೇಖರ ನೋಡಿರಲೇಬೇಕು. ಅವನು 'ಹಳೆಯದಾಗಿತ್ತು' ಎಂದರೆ ಕುಶಾಲ್ ಸಿಕ್ಕಿಬಿದ್ದಂತೆ.

* * *

ಮಂಗಳವಾರ ಮಧ್ಯಾಹ್ನ. ರಾಜಶೇಖರ ಆಫೀಸಿಗೆ ಹೋಗಿದ್ದ. ಬಾಗಿಲು ತೆರೆದವರು ಅವನ ತಾಯಿ ರುದ್ರಮ್ಮ. ಇಳಕಲ್ ಸೀರೆ, ಅದರ ಮೇಲೆ ಮಗನ ದೊಗಳೆ ಜಾಕೆಟ್ಟು, ಹಣೆಯಲ್ಲಿ ವಿಭೂತಿ. ಬಾಗಲಕೋಟೆಯಿಂದ ಆರು ತಿಂಗಳಿಗೆಂದು ಬಂದವರು. ಮಾತನಾಡಲು ಜನ ಸಿಗದೆ ಸೊರಗಿದ್ದರು.

"ಬಾರವ್ವಾ, ಒಳಗ ಬಾ. ಥಂಡಿ ಭಾಳ ಐತಿ. ರಾಜೂ ಇನ್ನೇನು ಬರ್ತಾನ. ಚಹಾ ಕುಡೀಯಂತಿ, ಕುಂದರು."

"ನಿಂತೇ ಕುಡೀತೀನಿ ಅಮ್ಮಾ."

"ನಿಂತು ಕುಡೀಲಿಕ್ಕೆ ಇದೇನು ಬಸ್‌ಸ್ಟ್ಯಾಂಡ್ ಏನು?"

ಸುಧಾಮಣಿ ನಕ್ಕಳು, ಆದರೂ ಕುಳಿತುಕೊಳ್ಳಲಿಲ್ಲ. ಲೋಟ ಹಿಡಿದು ಕಿಟಕಿಯ ಬಳಿ ನಿಂತಳು. ಡ್ರೈವ್‌ವೇ ಮೇಲೆ ಮೊಣಕಾಲುದ್ದದ ಹಿಮ. ಅಕ್ಕಪಕ್ಕದ ಮನೆಗಳವರು ತೆಗೆದಿದ್ದರು; ಇಲ್ಲಿ ಸಲಿಕೆ ಸೋಕಿದ ಗುರುತಿರಲಿಲ್ಲ.

"ಹಿಮ ತೆಗೆಯೋದಿಲ್ವಾ ಅಮ್ಮಾ ಇವ್ರು?"

"ಸಲಿಕಿ ಹಿಡೀಯೋ ಅಂದ್ರ, 'ನಮ್ಮ ಗಾಡಿಗಿ ಅದರ ಗರಜ ಇಲ್ಲಬೇ, ಎಂಥಾದೂ ಹತ್ತತೈತಿ' ಅಂತಾನ. ಹತ್ತೇ ಹತ್ತಿತು ನೋಡು, ಆ ಹುಡುಗನ ಮ್ಯಾಲೆ!" ರುದ್ರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. "ಯಾರ ದೃಷ್ಟಿಯೋ ಏನೋ. ನಾ ಏನು ಕಡಿಮಿ ಮಾಡೀನಿ? ಶುಕ್ರವಾರ ನಾಕು ನಿಂಬಿಹಣ್ಣು ಗಾಲಿ ಬುಡಕ ಇಟ್ಟೆ. ಶನಿವಾರ ಮತ್ತ ನಾಕು ಇಟ್ಟೆ. ಆದ್ರೂ ದೃಷ್ಟಿ ಹೋಗಲಿಲ್ಲ."

ಲೋಟ ಅವಳ ತುಟಿಯ ಬಳಿಯೇ ನಿಂತಿತು.

"ಶನಿವಾರ ಮತ್ತೆ ಯಾಕಿಟ್ರಿ ಅಮ್ಮಾ? ರಾಜಶೇಖರ್ ಗಾಡಿಗಾ?"

"ಅಲ್ಲವ್ವಾ, ಹಸರ ಗಾಡಿಗೇ. ಶುಕ್ರವಾರದ್ದು ಶುಕ್ರವಾರದ ಗಾಲಿಗಿ. ಶನಿವಾರ ಬ್ಯಾರೆ ಗಾಲಿ ಹಾಕಿದನಲ್ಲ! ನಾ ಮಲಗೀನಿ ಅಂತ ತಿಳಿದಿದ್ದ. ಗ್ಯಾರೇಜಿನ್ಯಾಗ ಧಡ್ ಧಡ್ ಸಪ್ಪಳ. ಹೋಗಿ ನೋಡಿದ್ರ ನಾಕೂ ಗಾಲಿ ಬಿಚ್ಚ್ಯಾನ. ನಿಂಬಿಹಣ್ಣು ತರ್ತೀನಿ ತಡಿ ಅಂದೆ. 'ಬ್ಯಾಡಬೇ, ಒಮ್ಮೆ ಇಟ್ಟೀಯಲ್ಲ' ಅಂದ. ನಾ ಬಿಡ್ತೀನೇನು? ಗಾಲಿ ಬದಲಾದ ಮ್ಯಾಲೆ ನಿಂಬಿಹಣ್ಣು ಬ್ಯಾಡೇನು? ಹಾದ್ಯಾಗ ಅಡ್ಡಾಡೋ ಮಂದಿ ಜೀವ ಜೀವ ಅಲ್ಲೇನು? ಗಾಡಿ ಮುಂದ ಕುಂತುಬಿಟ್ಟೆ. ಇಟ್ಟ ಮ್ಯಾಲೇ ಎದ್ದೆ. ಅವನ್ನ ತುಳಿಸಿ ಗಾಡಿ ಹೊರಗ ರಸ್ತಾಕ್ಕ ಒಯ್ದು ನಿಲ್ಲಿಸಿದ."

ಸುಧಾಮಣಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಅಮ್ಮಾ, ಸಲಿಕೆ ಎಲ್ಲಿದೆ?"

* * *

ಗ್ಯಾರೇಜಿನ ಬಾಗಿಲ ಎದುರು ಮೊದಲು ಸಡಿಲ ಹಿಮ. ಅದು ಶನಿವಾರ ರಾತ್ರಿ ಬಿದ್ದದ್ದು. ಅದರ ಕೆಳಗೆ ಚಕ್ರ ತುಳಿದು ಗಟ್ಟಿಯಾದ ಪದರ. ಆ ಪದರದ ಮೇಲೆ, ಅಪ್ಪಚ್ಚಿಯಾಗಿ ಹೆಪ್ಪುಗಟ್ಟಿದ ಒಂದು ನಿಂಬೆಹಣ್ಣು. ಹಳದಿ ಸಿಪ್ಪೆ ಇನ್ನೂ ಹೊಳೆಯುತ್ತಿತ್ತು.

ಅದರ ಪಕ್ಕದಲ್ಲೇ ಗಟ್ಟಿ ಪದರವನ್ನು ಸಲಿಕೆಯ ಅಂಚಿನಿಂದ ಕೆತ್ತಿದಳು. ಶುಕ್ರವಾರ ರಾತ್ರಿಯ ಹಿಮ. ಅದರ ತಳದಲ್ಲಿ, ಬರಿಯ ಡಾಂಬರಿಗೆ ಅಂಟಿಕೊಂಡು, ಇನ್ನೊಂದು ನಿಂಬೆಹಣ್ಣು.

ಒಂದು ಹಿಮದ ಕೆಳಗೆ. ಒಂದು ಹಿಮದ ಮೇಲೆ.

ಅವಳು ಮರೀನೋಗೆ ಫೋನ್ ಮಾಡಿದಳು. ಅವನು ತಲುಪುವ ಹೊತ್ತಿಗೇ ರಾಜಶೇಖರನ ಜೀಪೂ ಬಂದು ನಿಂತಿತು. ಇಳಿದವನು ಅಗೆದ ಗುಂಡಿಯನ್ನು ನೋಡಿದ, ಪೊಲೀಸನನ್ನು ನೋಡಿದ.

"ಏನ್ ನಡೀತಿದೆ ಸುಧಾ ಮೇಡಂ?"

"ಶನಿವಾರ ನವನೀತನ ಗಾಡಿಯ ಟೈರು ಯಾಕೆ ಬದಲಾಯಿಸಿದ್ರಿ?"

"ಯಾರು ಹೇಳಿದ್ದು? ಅವ್ವನಾ?" ಅವನು ನಗಲು ಯತ್ನಿಸಿದ. "ಅವರಿಗೆ ಎಪ್ಪತ್ತೆಂಟು. ಇಲ್ಲಿಗೆ ಬಂದ ಮೇಲೆ ಹಗಲು ರಾತ್ರಿಯೇ ಅದಲುಬದಲು. ವಾರ ಹೆಂಗ ನೆನಪಿರತೈತಿ?"

"ಅವರಿಗೆ ನೆನಪಿಲ್ಲದಿದ್ರೂ ಹಿಮಕ್ಕೆ ನೆನಪಿದೆ." ಅವಳು ಮರೀನೋನ ಕಡೆ ತಿರುಗಿದಳು. ಹಿಮದ ಮೇಲೆ ಅತ್ತಿಂದಿತ್ತ ನಡೆಯುತ್ತಲೇ ಇಂಗ್ಲಿಷಿನಲ್ಲಿ ವಿವರಿಸಿದಳು. "ನಮ್ಮಲ್ಲಿ ಹೊಸ ಚಕ್ರ ಉರುಳುವ ಮುನ್ನ ಅದರಡಿಗೆ ನಿಂಬೆಹಣ್ಣಿಟ್ಟು ಹಿಸುಕಿಸುತ್ತೇವೆ. ಕೇಡು ತಟ್ಟದಿರಲೆಂದು. ಶುಕ್ರವಾರ ಮುಕುಂದ್ ಹೊಸ ಟೈರು ತಂದ, ಹಾಕಿದರು, ನಿಂಬೆಹಣ್ಣಾಯಿತು. ರಾತ್ರಿ ಹಿಮ ಬಿತ್ತು. ಶನಿವಾರ ಅದೇ ಹಿಮದ ಮೇಲೆ ಮತ್ತೆ ನಿಂಬೆಹಣ್ಣು. ನಡುವೆ ಚಕ್ರ ಬದಲಾಗದಿದ್ದರೆ ಎರಡನೆಯದಕ್ಕೆ ಕಾರಣವೇ ಇಲ್ಲ. ನವನೀತ್ ಶುಕ್ರವಾರ ಗಾಡಿ ಬಿಟ್ಟುಹೋದವನು ಮತ್ತೆ ಮುಟ್ಟಿದ್ದು ಭಾನುವಾರ. ಇನ್ನೊಂದು ವಿಷಯ. ವಿಡಿಯೊದಲ್ಲಿ ಇವರು 'ಸೈಡಿಗೆ ಬಾರೋ' ಎಂದು ಕೂಗಿದ್ದು ಯಾವಾಗ? ಜೀಪು ಬಾವುಟ ತಲುಪುವ ಮೊದಲೇ. ಬ್ರೇಕ್ ಒತ್ತಬೇಕಾದ ಜಾಗವೇ ಇನ್ನೂ ಬಂದಿರಲಿಲ್ಲ. ಮೊದಲ ಓಟದಲ್ಲೂ ಮುಕುಂದ್ ಅಲ್ಲೇ ನಿಂತಿದ್ದ. ಆಗ ಇವರು ತುಟಿ ಬಿಚ್ಚಲಿಲ್ಲ. ಎರಡನೆಯದು ನಿಲ್ಲುವುದಿಲ್ಲವೆಂದು ಅಷ್ಟು ಮುಂಚೆ ಗೊತ್ತಿದ್ದವರು ಒಬ್ಬರೇ."

ರಾಜಶೇಖರ ಬಾಗಿಲ ಕಡೆ ನೋಡಿದ. ರುದ್ರಮ್ಮ ಹೊಸ್ತಿಲಲ್ಲಿ ನಿಂತಿದ್ದರು.

"ಅವ್ವಾ," ಎಂದ ಮೆಲ್ಲಗೆ. "ನೀ ನಿಂಬಿಹಣ್ಣು ಇಟ್ಟಿದ್ದು ಶುಕ್ರವಾರ ಒಂದ ಸಲ. ಹೌದಲ್ಲ?"

ಆ ಮುದುಕಿಗೆ ಮಾತೆಲ್ಲ ತಿಳಿದಿರಲಿಲ್ಲ. ಮಗನ ಮುಖ ಮಾತ್ರ ತಿಳಿಯಿತು.

"ರಾಜೂ, ನಾ ಸುಳ್ಳ ಹೇಳಿದ್ರ ಏನಾಗತೈತಿ?"

ಉತ್ತರ ಕೊಟ್ಟವಳು ಸುಧಾಮಣಿ. "ಆ ಹಸಿರು ಗಾಡಿ ಓಡಿಸಿದ ಹುಡುಗ ಜೈಲಿಗೆ ಹೋಗ್ತಾನೆ ಅಮ್ಮಾ."

ರುದ್ರಮ್ಮ ಜಾಕೆಟ್ಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. "ಎರಡು ಸಲ ಇಟ್ಟೀನಿ," ಎಂದರು. "ದೇವರ ಹೆಸರಿಲೆ ಇಟ್ಟದ್ದು. ಇಟ್ಟಿಲ್ಲ ಅಂತ ಹ್ಯಾಂಗ ಅನ್ನಲಿ? ನಿನಗಷ್ಟ ಅಲ್ಲ, ಆ ಹುಡುಗಗೂ ತಾಯಿ ಅದಾಳಪಾ."

ರಾಜಶೇಖರ ಅಗೆದ ಗುಂಡಿಯ ಕಡೆ ತಿರುಗಿದ.

"ಜಾರಲಿ ಅಂತ ಅಷ್ಟೇ," ಎಂದ. "ಸ್ವಲ್ಪ ಜಾರಿ ಸೋಲಲಿ ಅಂತ. ಗ್ರಿಪ್ಸನ್‌ನವರು ನನ್ನನ್ನ ಅವರ ಜಾಹೀರಾತಿನ ಮುಖವಾಗಿ ಆರಿಸ್ಕೊಳ್ಳೋರಿದ್ರು. ಮುಕುಂದ್ ಎಲ್ಲರ ಮುಂದೆ ನನ್ನ ಮಾತು ಸುಳ್ಳು ಮಾಡೋದು ಗ್ಯಾರಂಟಿ ಇತ್ತು. ಯಾಕಂದ್ರ ನನಗೇ ಗೊತ್ತು, ನಾರ್ವಿಂಡೇ ಛಲೋ ಟೈರು. ವಾಹಿನಿ ಶುರು ಮಾಡಿದಾಗ ಪರೀಕ್ಷೆಗೆ ಕೊಂಡ ಒಂದು ಸೆಟ್ಟು ಶೆಡ್ಡಿನಲ್ಲಿತ್ತು. ಅದೇ ಅಳತೆ, ಅಂಥದೇ ಕಪ್ಪು ರಿಮ್ಮು. ಅಂವಾ ಕಟ್ಟೆ ಮುಂದೆ ಹೋಗಿ ನಿಂತ. ಕೂಗಿದೆ. ಬರಲೇ ಇಲ್ಲ."

ಸುಧಾಮಣಿ ತಾಯಿ ಮಗನ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. "ಮೊದಲೇ ಪರೀಕ್ಷೆ ನಿಲ್ಲಿಸಬಹುದಿತ್ತು," ಎಂದ ಮರೀನೋ.

ಹಿತ್ತಲಿನ ಶೆಡ್ಡಿನಲ್ಲಿ, ತಾಡಪಾಲಿನ ಕೆಳಗೆ, ಮುಕುಂದನ ಹೊಸ ಟೈರುಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೇ ಇದ್ದವು. ಸುಧಾಮಣಿ ಉಗುರು ಒತ್ತಿದಳು. ರಬ್ಬರು ಮಣಿಯಿತು.

* * *

"ಒಂದು ಉಳಿಯಿತು," ಎಂದ ಮರೀನೋ. ರಾಜಶೇಖರ ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿದ್ದ. "ಟೈರು ಬದಲಿಸಿದ್ದು ಇವನು, ಒಪ್ಪಿದೆ. ಆದರೆ ಚಕ್ರ ತಿರುಗುತ್ತಿತ್ತಲ್ಲ?"

"ಈಗಿನ ಗಾಡಿಗಳಲ್ಲಿ ಎಷ್ಟೇ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಪೂರ್ತಿ ಕಚ್ಚಿಕೊಳ್ಳದು. ಬ್ರೇಕು ತಾನಾಗಿಯೇ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿ."

ಅವನು ಟ್ಯಾಬ್ಲೆಟ್ಟಿನಲ್ಲಿ ವಿಡಿಯೊವನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸಿದ. ಬಾವುಟದವರೆಗೆ ಚಕ್ರಗಳು ಸರಾಗವಾಗಿ ಉರುಳಿದವು. ಬಾವುಟ ಬಂದೊಡನೆ ತಡವರಿಸಿದವು. ಅಲ್ಲಿಂದಾಚೆ ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಜೀಪು ಹಲವು ಸುತ್ತಿನ ದೂರವನ್ನು ಜಾರಿ ದಾಟಿತ್ತು. ಬ್ರೇಕ್ ಒತ್ತದ ಗಾಡಿ ಹಾಗೆ ಹೋಗುವುದಿಲ್ಲ.

ಮರೀನೋ ಇನ್ನೊಮ್ಮೆ ಓಡಿಸಿ ನೋಡಿದ. ಬಳಿಕ ಟೊಪ್ಪಿಗೆ ಸರಿಮಾಡಿಕೊಂಡು ಕಾರು ಹತ್ತಿದ.

ಸುಧಾಮಣಿ ನವನೀತನಿಗೆ ಫೋನ್ ಮಾಡಿದಳು. ನಡೆದದ್ದನ್ನು ಚುಟುಕಾಗಿ ಹೇಳಿದಳು. ಆರೋಪವಿಲ್ಲ, ವಕೀಲರಿಗೆ ತಿಳಿಸು ಎಂದಳು. ಅವನು ಅದೊಂದನ್ನೂ ಕೇಳಿಸಿಕೊಂಡಂತಿರಲಿಲ್ಲ.

"ಅಕ್ಕಾ, ನಿಜ ಹೇಳಿ. ನಾನು ಬ್ರೇಕ್ ಒತ್ತಿದ್ನಾ?"

"ಬಾವುಟದ ಹತ್ರಾನೇ ಒತ್ತಿದೀಯ ಕಣೋ. ಕಣ್ಣಾರೆ ನೋಡ್ದೆ."

ಆ ತುದಿಯಲ್ಲಿ ಉಸಿರು ಮಾತ್ರ ಕೇಳಿಸಿತು. ಮೂರು ದಿನದಿಂದ ಒಳಗೇ ಸಿಕ್ಕಿಕೊಂಡಿದ್ದ ಉಸಿರು.

"ಮುಕುಂದ್‌ನ ನೋಡ್ಬೇಕು ಅಕ್ಕಾ," ಎಂದ ಕೊನೆಗೆ. "ಹಾಸ್ಪಿಟಲ್‌ಗೆ ನಿಮ್ ಕಾರಲ್ಲಿ ಕರ್ಕೊಂಡು ಹೋಗ್ತೀರಾ?"

"ಬರ್ತೀನಿ. ಕೆಳಗೆ ಇಳಿದು ನಿಂತಿರು." ಅವಳು ಕಾರಿನ ಬಾಗಿಲು ತೆರೆದಳು. "ಡ್ರೈವ್ ಮಾಡೋದು ಮಾತ್ರ ನೀನು."